ಗಾಲಿಕುರ್ಚಿಗೆ ಬಾಗಿಲು ತೆರೆಯದ ಸರ್ಕಾರಿ ಮನೆಗಳು

2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿ ಹರಿದಾಗ ರಾಮದುರ್ಗ ಪಟ್ಟಣದ ತಗ್ಗಿನ ಓಣಿಗಳು, ಸವದತ್ತಿ ತಾಲ್ಲೂಕಿನ ಮುನವಳ್ಳಿ, ನದಿದಂಡೆಯ ಅನೇಕ ಹಳ್ಳಿಗಳು ನೀರಿನಲ್ಲಿ ನಿಂತವು. ಮಣ್ಣಿನ ಗೋಡೆಯ ಮಾಳಿಗೆ ಮನೆಗಳು ನೆನೆದು ಕುಸಿದವು. ಹಾನಿಗೊಂಡ ಮನೆಗಳನ್ನು ಸರ್ಕಾರ ಎ, ಬಿ, ಸಿ ಎಂದು ವಿಂಗಡಿಸಿತು. ಪೂರ್ತಿ ಬಿದ್ದ ಮನೆಯನ್ನು ಹೊಸದಾಗಿ ಕಟ್ಟಲು 5 ಲಕ್ಷ ರೂಪಾಯಿ, ಅಲ್ಪಸ್ವಲ್ಪ ಹಾನಿಯಾದ ಮನೆಗೆ 50 ಸಾವಿರ ಎಂದು ನಿಗದಿಯಾಯಿತು. ವಿಂಗಡಣೆಗೆ ಆಧಾರವಾದದ್ದು ಗೋಡೆ ಎಷ್ಟು ಬಿದ್ದಿದೆ ಎಂಬುದು ಮಾತ್ರ. ಆ ಮನೆಯಲ್ಲಿ ನಡೆಯಲಾಗದವರು ಯಾರಾದರೂ ಇದ್ದಾರೆಯೇ, ಹೊಸ ಮನೆಯ ಬಾಗಿಲಲ್ಲಿ ಗಾಲಿಕುರ್ಚಿ ಹಾಯುತ್ತದೆಯೇ ಎಂಬ ಪ್ರಶ್ನೆಗೆ ಪರಿಹಾರದ ಲೆಕ್ಕದಲ್ಲಿ ಜಾಗವಿರಲಿಲ್ಲ.

ಮಲಪ್ರಭೆಯ ದಂಡೆಯವರಿಗೆ ಸರ್ಕಾರದ ನೆರವಿನಿಂದ ಮನೆ ಕಟ್ಟಿಕೊಳ್ಳುವುದು ಹೊಸ ಅನುಭವವಲ್ಲ. 1970ರ ದಶಕದ ಆರಂಭದಲ್ಲಿ ಮುನವಳ್ಳಿ ಹತ್ತಿರದ ನವಿಲುತೀರ್ಥದಲ್ಲಿ ಅಣೆಕಟ್ಟು ನಿಂತು ರೇಣುಕಾಸಾಗರ ತುಂಬಿದಾಗ ಹಿನ್ನೀರಿನ ಊರುಗಳು ಎದ್ದು ಬೇರೆ ಕಡೆ ನೆಲೆಸಿದವು. 2009ರ ಮಹಾಪೂರದ ನಂತರ ಉತ್ತರ ಕರ್ನಾಟಕದ ನದಿ ತೀರಗಳಲ್ಲಿ ‘ಆಸರೆ’ ಹೆಸರಿನಲ್ಲಿ ಮನೆಗಳು ಎದ್ದವು. ಮತ್ತೆ 2019. ಅರ್ಧ ಶತಮಾನದಲ್ಲಿ ಮೂರು ಸಲ ಊರು ಕಟ್ಟುವ ಅವಕಾಶ ಸಿಕ್ಕಿತು. ಜೊತೆಗೆ ವರ್ಷ ವರ್ಷವೂ ವಸತಿ ಯೋಜನೆಗಳ ಮನೆಗಳು ಮಂಜೂರಾಗುತ್ತಲೇ ಇವೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಯಾವುದೇ ಹಳ್ಳಿಗೆ ಹೋದರೂ ಗೋಡೆಯ ಮೇಲೆ ಯೋಜನೆಯ ಹೆಸರು ಬರೆದ ಮನೆ ಕಾಣುತ್ತದೆ. ಸಾರ್ವಜನಿಕ ಹಣದಿಂದ ಏಳುವ ಈ ಮನೆಗಳೊಳಗೆ ಗಾಲಿಕುರ್ಚಿಯಲ್ಲಿ ಬದುಕುವವರು ಯಾರ ಕೈಯನ್ನೂ ಹಿಡಿಯದೆ ಪ್ರವೇಶಿಸುವಂತಾಗಬೇಕು, ಅದಕ್ಕೆ ತಗಲುವ ಖರ್ಚನ್ನು ಸರ್ಕಾರವೇ ಕೊಡಬೇಕು ಎಂಬುದು ಇಲ್ಲಿ ಪರಿಶೀಲಿಸುವ ವಿಷಯ.

ಸಂಖ್ಯೆ ಮತ್ತು ನೆಲೆ

2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ವಿಕಲಚೇತನರಿದ್ದಾರೆ. ಅವರಲ್ಲಿ ಸುಮಾರು 54 ಲಕ್ಷ ಮಂದಿಗೆ ಇರುವುದು ಚಲನೆಗೆ ಸಂಬಂಧಿಸಿದ ವೈಕಲ್ಯ. ಕರ್ನಾಟಕದಲ್ಲಿ ಒಟ್ಟು 13.24 ಲಕ್ಷ, ಚಲನವೈಕಲ್ಯ ಇರುವವರು ಸುಮಾರು 2.7 ಲಕ್ಷ. ಇವರೆಲ್ಲರೂ ಗಾಲಿಕುರ್ಚಿ ಬಳಸುವವರಲ್ಲ. ಊರುಗೋಲು, ಕ್ಯಾಲಿಪರ್, ಕೃತಕ ಕಾಲು ಆಧಾರವಾದವರೂ ಇದರಲ್ಲಿದ್ದಾರೆ. ದೇಶದ ವಿಕಲಚೇತನರಲ್ಲಿ ಶೇ 69ರಷ್ಟು ಜನ ಹಳ್ಳಿಗಳಲ್ಲಿದ್ದಾರೆ ಎಂಬುದನ್ನೂ ಅದೇ ಜನಗಣತಿ ಹೇಳುತ್ತದೆ. ಹೀಗಾಗಿ ಈ ಪ್ರಶ್ನೆಯನ್ನು ಬೆಂಗಳೂರಿನ ಬಹುಮಹಡಿ ಕಟ್ಟಡಗಳ ಲಿಫ್ಟಿನ ಪ್ರಶ್ನೆಯಾಗಿ ನೋಡಿದರೆ ಮೂರನೇ ಎರಡಕ್ಕಿಂತ ಹೆಚ್ಚು ಪಾಲು ತಪ್ಪಿಹೋಗುತ್ತದೆ.

ಗಾಲಿಕುರ್ಚಿಗೆ ಬರುವ ಕಾರಣಗಳೂ ಬದಲಾಗುತ್ತಿವೆ. ಭಾರತದಲ್ಲಿ ಕೊನೆಯ ಪೋಲಿಯೊ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಕೊಟ್ಟಿತು. ಪೋಲಿಯೊ ತಗಲಿದವರಲ್ಲಿ ಅನೇಕರು ಈಗ ಮಧ್ಯವಯಸ್ಸು ತಲುಪಿದ್ದಾರೆ. ಊರುಗೋಲಿನ ಮೇಲೆ ನಲವತ್ತು ವರ್ಷ ನಡೆದವರ ಭುಜ, ಮೊಣಕೈ ಸವೆದು ಗಾಲಿಕುರ್ಚಿ ಅನಿವಾರ್ಯವಾಗುವ ಹೊತ್ತು ಇದು. ಇನ್ನೊಂದೆಡೆ ಬೈಕ್ ಅಪಘಾತ, ಟ್ರ್ಯಾಕ್ಟರ್ ಟ್ರೇಲರ್‌ನಿಂದ ಬೀಳುವುದು, ಮರ ಅಥವಾ ಮಾಳಿಗೆಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗುವುದು, ಸಕ್ಕರೆ ಕಾಯಿಲೆಗೆ ಕಾಲು ಕಳೆದುಕೊಳ್ಳುವುದು, ಲಕ್ವ ಹೊಡೆಯುವುದು. ನಿನ್ನೆವರೆಗೆ ಹೊಲದಲ್ಲಿ ಗಳೇ ಹೊಡೆದವರು, ಕಬ್ಬು ಕಡಿದವರು ಆಸ್ಪತ್ರೆಯಿಂದ ನೇರವಾಗಿ ಮೆಟ್ಟಿಲು ಮುಂದಿರುವ ಮನೆಗೆ ಮರಳುತ್ತಾರೆ.

ಈ ಸೀಮೆಯ ಮನೆ

ಎರೆಭೂಮಿಯ ಈ ಸೀಮೆಯಲ್ಲಿ ಮನೆ ಎತ್ತರದಲ್ಲಿರುವುದಕ್ಕೆ ಕಾರಣವಿದೆ. ಕರಿಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಪಾಯಾ ಆಳವಾಗಿ ತೋಡಿ ಕಟ್ಟೆ ಎತ್ತರಿಸದಿದ್ದರೆ ತೇವ ಗೋಡೆಗೆ ಏರುತ್ತದೆ. ಹೊಳೆ ದಂಡೆಯಲ್ಲಿ ನೆರೆಯ ಭಯ ಬೇರೆ. ಹಳೆಯ ಮಾಳಿಗೆ ಮನೆಗಳಲ್ಲಂತೂ ತಲಬಾಗಿಲು ದಾಟಿದ ಕೂಡಲೇ ದನ ಕಟ್ಟುವ ತಗ್ಗಿನ ಜಾಗ, ಅಲ್ಲಿಂದ ಎರಡು ಮೂರು ಅಡಿ ಮೇಲೆ ಪಡಸಾಲೆ, ಒಳಗೆ ಹೊಸ್ತಿಲ ಮೇಲೆ ಹೊಸ್ತಿಲು, ಕತ್ತಲೆಯ ಅಡುಗೆಮನೆ, ಹಿಂದೆ ಬಚ್ಚಲು, ಅದರಾಚೆ ಹಿತ್ತಲಲ್ಲಿ ಪಾಯಖಾನೆ. ನಡೆಯುವವರಿಗೆ ಹಿತವಾದ, ಬಿಸಿಲಿಗೆ ತಂಪಾದ ವಿನ್ಯಾಸ ಅದು. ಗಾಲಿಕುರ್ಚಿಗೆ ಪ್ರತಿ ಹಂತವೂ ಒಂದು ಗೋಡೆ.

ಯೋಜನೆಯ ಹೊಸ ಮನೆಗಳು ಈ ಕಷ್ಟವನ್ನು ನೀಗಿಸಿಲ್ಲ, ಅದರ ರೂಪವನ್ನಷ್ಟೇ ಬದಲಿಸಿವೆ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆಗೆ ಅಡುಗೆ ಜಾಗವೂ ಸೇರಿ ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್, ಅಂದರೆ ಸುಮಾರು 270 ಚದರ ಅಡಿ. ರಾಷ್ಟ್ರೀಯ ಮಾನದಂಡಗಳು ಗಾಲಿಕುರ್ಚಿ ತಿರುಗಲು 1.5 ಮೀಟರ್ ವ್ಯಾಸದ ಖಾಲಿ ಜಾಗ, ಬಾಗಿಲಿಗೆ 900 ಮಿಲಿಮೀಟರ್ ಅಗಲ, ಇಳಿಜಾರಿಗೆ 1:12ರ ಪ್ರಮಾಣ ಕೇಳುತ್ತವೆ. ಕಟ್ಟೆ ಎರಡು ಅಡಿ ಎತ್ತರವಿದ್ದರೆ ಇಳಿಜಾರು 24 ಅಡಿ ಉದ್ದವಿರಬೇಕು. 20×30 ಅಡಿಯ ಆಶ್ರಯ ನಿವೇಶನದಲ್ಲಿ ಮನೆ ಕಟ್ಟಿ ಮುಗಿದ ಮೇಲೆ ಅಷ್ಟು ಉದ್ದದ ಇಳಿಜಾರಿಗೆ ಜಾಗ ಎಲ್ಲಿಂದ ಬರಬೇಕು? ರಸ್ತೆಗೆ ಚಾಚಿ ಕಟ್ಟಿದ ಕಡಿದಾದ ಸಿಮೆಂಟಿನ ಇಳಿಜಾರು ಗಾಲಿಕುರ್ಚಿಯನ್ನು ಹಿಂದಕ್ಕೆ ಉರುಳಿಸುತ್ತದೆ. ಪಾಯಾ ತೋಡುವ ದಿನವೇ ಇಳಿಜಾರಿನ ದಿಕ್ಕು, ಬಾಗಿಲ ಅಗಲ, ಬಚ್ಚಲಿನ ಜಾಗ ಗೊತ್ತಾಗಿರಬೇಕು. ಗೌಂಡಿಗೆ ಆ ದಿನ ಸಿಗುವ ನಕ್ಷೆಯೇ ಮುಂದಿನ ಮೂವತ್ತು ವರ್ಷದ ಬದುಕನ್ನು ನಿರ್ಧರಿಸುತ್ತದೆ.

ಎಲ್ಲಕ್ಕಿಂತ ಹೆಚ್ಚಿನ ಕಷ್ಟ ಶೌಚಾಲಯದ್ದು. ಸ್ವಚ್ಛ ಭಾರತ ಯೋಜನೆಯಲ್ಲಿ 12 ಸಾವಿರ ರೂಪಾಯಿಗೆ ಕಟ್ಟಿದ ಸಾಮಾನ್ಯ ಶೌಚಾಲಯ ಮೂರು ನಾಲ್ಕು ಅಡಿಯ ಕೋಣೆ, ಎರಡೂವರೆ ಅಡಿಯ ಬಾಗಿಲು, ಕುಕ್ಕರಗಾಲಿನ ಪ್ಯಾನ್. ಗಾಲಿಕುರ್ಚಿ ಒಳಗೆ ಬರುವುದಿಲ್ಲ, ಬಂದರೂ ಬಾಗಿಲು ಮುಚ್ಚುವುದಿಲ್ಲ. ಶೌಚಕ್ಕೆ ಹೋಗುವ ಕಷ್ಟ ತಪ್ಪಿಸಲು ದಿನವಿಡೀ ನೀರು ಕುಡಿಯದೇ ಇರುವುದು ಗಾಲಿಕುರ್ಚಿಯ ಹೆಣ್ಣುಮಕ್ಕಳಲ್ಲಿ ಸಾಮಾನ್ಯ. ಅದರಿಂದ ಮೂತ್ರನಾಳದ ಸೋಂಕು, ಮೂತ್ರಕೋಶದ ಕಲ್ಲು. ಒಂದೇ ಕಡೆ ಕುಳಿತು, ಮಲಗಿ ಚರ್ಮ ಕೊಳೆತು ಆಗುವ ಒತ್ತಡದ ಹುಣ್ಣು ಬೆನ್ನುಹುರಿ ಪೆಟ್ಟಾದವರ ಜೀವವನ್ನೇ ತೆಗೆಯಬಲ್ಲದು. ಸರಿಯಾದ ಬಚ್ಚಲು ಇವರಿಗೆ ಆರೋಗ್ಯ ಸೇವೆಯ ಭಾಗ.

ರಾಮದುರ್ಗದಂಥ ನೇಕಾರರ ಊರಿನಲ್ಲಿ ಮನೆ ದುಡಿಮೆಯ ಜಾಗವೂ ಹೌದು. ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ತುಳಿಯಬೇಕು; ಕಾಲಿನ ಶಕ್ತಿ ಹೋದವರಿಗೆ ಆ ಕೆಲಸ ಮುಗಿದಂತೆ. ಆದರೆ ನೇಯ್ಗೆಯ ಸುತ್ತ ನೂಲು ಸುತ್ತುವುದು, ಕಂಡಿಕೆ ಹಾಕುವುದು, ಲೆಕ್ಕ ಬರೆಯುವುದು, ವ್ಯಾಪಾರ ಹೀಗೆ ಕುಳಿತು ಮಾಡುವ ಕೆಲಸಗಳು ಹಲವು. ಬೈಲಹೊಂಗಲದ ಓಣಿಯಲ್ಲಿ ಹೊಲಿಗೆ ಯಂತ್ರ, ಕಿತ್ತೂರಿನ ರಸ್ತೆ ಬದಿಯಲ್ಲಿ ಮೊಬೈಲ್ ರಿಪೇರಿ, ಸವದತ್ತಿಯಲ್ಲಿ ಯಲ್ಲಮ್ಮನ ಗುಡ್ಡಕ್ಕೆ ಬರುವ ಭಕ್ತರಿಗೆ ಕಾಯಿ, ಕುಂಕುಮದ ಅಂಗಡಿ. ಹಾಸಿಗೆಯಿಂದ ಪಡಸಾಲೆಗೆ, ಪಡಸಾಲೆಯಿಂದ ರಸ್ತೆಗೆ ತಾನೇ ಬರಲಾಗುವವರಿಗೆ ಇವೆಲ್ಲ ಸಾಧ್ಯ. ಎತ್ತಿಕೊಂಡು ಬರುವವರಿಗಾಗಿ ಕಾಯುವವರ ದಿನ ಕಾಯುವುದರಲ್ಲೇ ಮುಗಿಯುತ್ತದೆ.

ಕಾನೂನು ಏನು ಹೇಳುತ್ತದೆ

ಹಕ್ಕಿನ ಮಾತು ಬಂದರೆ ದೇಶ ಬರಿಗೈಯಲ್ಲಿಲ್ಲ. ಗಾಲಿಕುರ್ಚಿ ಬಳಸುತ್ತಿದ್ದ ಜಾವೇದ್ ಅಬಿದಿ ಮತ್ತು ಸಂಗಾತಿಗಳು ದೆಹಲಿಯಲ್ಲಿ ಬೀದಿಗಿಳಿದ ಮೇಲೆ 1995ರ ಡಿಸೆಂಬರ್‌ನಲ್ಲಿ ಸಂಸತ್ತು ಮೊದಲ ಅಂಗವಿಕಲರ ಕಾಯ್ದೆಯನ್ನು ಒಪ್ಪಿತು. ಮನೆ ಕಟ್ಟಲು ರಿಯಾಯಿತಿ ದರದಲ್ಲಿ ಆದ್ಯತೆಯ ಮೇಲೆ ನಿವೇಶನ ಕೊಡಬೇಕೆಂಬ ಮಾತು ಅದರಲ್ಲಿಯೇ ಇತ್ತು. ವಿಕಲಚೇತನರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 2007ರ ಅಕ್ಟೋಬರ್‌ನಲ್ಲಿ ಅನುಮೋದಿಸಿತು. ಆ ಒಡಂಬಡಿಕೆಯ 28ನೇ ವಿಧಿ ಸಾರ್ವಜನಿಕ ವಸತಿ ಕಾರ್ಯಕ್ರಮಗಳನ್ನು ಹೆಸರಿಸಿಯೇ ಹೇಳುತ್ತದೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇನ್ನೂ ಮುಂದೆ ಹೋಗಿದೆ. ಅದರ 37ನೇ ಕಲಮು ವಸತಿ ಯೋಜನೆಗಳಲ್ಲಿ ಶೇ 5ರ ಮೀಸಲು ಕೊಡುತ್ತದೆ, ಅದರಲ್ಲಿ ಮಹಿಳೆಯರಿಗೆ ಆದ್ಯತೆ. 24ನೇ ಕಲಮು ಬದುಕಿನ ಯೋಗ್ಯ ಮಟ್ಟ ಸಿಗಲು, ಸಮಾಜದ ನಡುವೆ ಸ್ವತಂತ್ರವಾಗಿ ಬದುಕಲು ಬೇಕಾದ ಯೋಜನೆಗಳನ್ನು ರೂಪಿಸುವಂತೆ ಸರ್ಕಾರಗಳಿಗೆ ಹೇಳಿ, ಇಂಥ ಯೋಜನೆಗಳಲ್ಲಿ ವಿಕಲಚೇತನರಿಗೆ ಕೊಡುವ ನೆರವು ಇತರರಿಗೆ ಕೊಡುವುದಕ್ಕಿಂತ ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕು ಎಂದು ವಿಧಿಸುತ್ತದೆ. ಬದುಕಿನ ಯೋಗ್ಯ ಮಟ್ಟ ಎಂಬುದರಲ್ಲಿ ಮನೆ ಸೇರದಿದ್ದರೆ ಇನ್ನೇನು ಸೇರೀತು? ಬಯಲುಸೀಮೆಯ ಗ್ರಾಮೀಣ ಮನೆಗೆ ಆವಾಸ್ ಯೋಜನೆಯ ನೆರವು 1.20 ಲಕ್ಷ ರೂಪಾಯಿ. ಅದಕ್ಕೆ ಶೇ 25 ಕೂಡಿಸಿದರೆ 1.50 ಲಕ್ಷ. ಆ 30 ಸಾವಿರದಲ್ಲಿ ಇಳಿಜಾರು, ಅಗಲ ಬಾಗಿಲು, ಕಮೋಡ್, ಹಿಡಿಕೆ ಸರಳುಗಳಿಗೆ ದಾರಿಯಾಗುತ್ತದೆ. ಇದು ಯಾರೂ ಹೊಸದಾಗಿ ಕೇಳುತ್ತಿರುವ ದಾನವಲ್ಲ, ಸಂಸತ್ತು ಬರೆದಿಟ್ಟ ಪ್ರಮಾಣ.

2024ರ ನವೆಂಬರ್ 8ರಂದು ರಾಜೀವ್ ರತುರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಹತ್ವದ ತೀರ್ಪು ಕೊಟ್ಟಿತು. ಪ್ರವೇಶಯೋಗ್ಯತೆಯ ಮಾನದಂಡಗಳನ್ನು ಬರೀ ಶಿಫಾರಸು ಮಾಡಿ ಬಿಡುವ ನಿಯಮ ಮೂಲ ಕಾಯ್ದೆಗೇ ವಿರುದ್ಧ. ಕಡ್ಡಾಯ ನಿಯಮಗಳನ್ನು ಮೂರು ತಿಂಗಳಲ್ಲಿ ರೂಪಿಸಿ ಎಂದು ನ್ಯಾಯಾಲಯ ಕೇಂದ್ರಕ್ಕೆ ಹೇಳಿತು. ಕೇಂದ್ರ ಸರ್ಕಾರಿ ವಸತಿಗೃಹಗಳ ಹಂಚಿಕೆಯಲ್ಲಿ ವಿಕಲಚೇತನರಿಗೆ ಶೇ 4ರ ಮೀಸಲು 2025ರ ಮೇ ತಿಂಗಳಲ್ಲಿ ಪ್ರಕಟವಾಯಿತು. ದೆಹಲಿಯ ನೌಕರರ ಕ್ವಾರ್ಟರ್ಸ್‌ಗೆ ತಲುಪಿದ ಈ ತಿಳಿವಳಿಕೆ ರಾಮದುರ್ಗದ ಆಶ್ರಯ ಕಾಲೊನಿಗೂ ತಲುಪಬೇಕು.

ಯೋಜನೆಗಳ ಒಳಗಿನ ಬಿರುಕು

ಕಾನೂನು ಇಷ್ಟು ಸ್ಪಷ್ಟವಿದ್ದೂ ಮನೆ ಬದಲಾಗದಿರುವುದೇಕೆ? ಉತ್ತರ ಯೋಜನೆಗಳ ರಚನೆಯಲ್ಲೇ ಇದೆ. 2016ರಲ್ಲಿ ಆರಂಭವಾದ ಗ್ರಾಮೀಣ ಆವಾಸ್ ಯೋಜನೆ ಫಲಾನುಭವಿಗಳಲ್ಲಿ ಶೇ 5ರಷ್ಟು ವಿಕಲಚೇತನರಿರಲಿ ಎನ್ನುತ್ತದೆ, ಆದರೆ ‘ಸಾಧ್ಯವಾದ ಮಟ್ಟಿಗೆ’ ಎಂಬ ಷರತ್ತಿನೊಂದಿಗೆ. ಅದಕ್ಕೆ ಆಧಾರವಾದ 2011ರ ಸಾಮಾಜಿಕ-ಆರ್ಥಿಕ ಗಣತಿ ವೈಕಲ್ಯವನ್ನು ಬಡತನದ ಲಕ್ಷಣವಾಗಿ ಎಣಿಸಿದ್ದು ಮನೆಯಲ್ಲಿ ಸದೃಢ ವಯಸ್ಕರು ಒಬ್ಬರೂ ಇಲ್ಲದಿದ್ದಾಗ ಮಾತ್ರ. ದುಡಿಯುವ ಅಣ್ಣನೋ ತಮ್ಮನೋ ಇದ್ದರೆ ಆ ಅಂಕ ಸಿಗಲಿಲ್ಲ. ತಮ್ಮನ ಮದುವೆಯಾಗಿ ಪಾಲು ಬೇರೆಯಾದ ಮೇಲೆ ಗಾಲಿಕುರ್ಚಿಯ ಅಕ್ಕನಿಗೆ ಉಳಿಯುವುದು ಹಿತ್ತಲ ಕೋಣೆ.

ಈ ಯೋಜನೆಯಲ್ಲಿ ಒಳ್ಳೆಯ ಅಂಶಗಳೂ ಇವೆ. ವಿಕಲಚೇತನರ ಪಾಲಿನಲ್ಲಿ ಆಯ್ಕೆಯಾದ ಮನೆ ಅವರ ಹೆಸರಿಗೇ ಆಗಬೇಕು. ತಾನೇ ನಿಂತು ಕಟ್ಟಿಸಲಾಗದವರ ಮನೆಯನ್ನು ಗೌಂಡಿಗಳ ತರಬೇತಿಯ ಭಾಗವಾಗಿ ಕಟ್ಟಿಕೊಡಲು ಅವಕಾಶವಿದೆ. ಇದೇ ತರಬೇತಿಯಲ್ಲಿ 1:12ರ ಇಳಿಜಾರು, ಹೊಸ್ತಿಲಿಲ್ಲದ ಬಾಗಿಲು, ಜಾರದ ಫರಸಿ ಹಾಸುವುದನ್ನು ಕಲಿಸಿದರೆ ಒಂದು ಮನೆಯ ಜೊತೆಗೆ ಆ ಕೆಲಸ ಬಲ್ಲ ಕೈಗಳೂ ಊರಿಗೆ ಸಿಗುತ್ತವೆ.

ರಾಜ್ಯದ ಕಡೆ ಬಂದರೆ, 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ವಸತಿ ನಿಗಮ ಬಸವ ವಸತಿ, ಅಂಬೇಡ್ಕರ್ ನಿವಾಸ, ದೇವರಾಜ ಅರಸು ವಸತಿ ಯೋಜನೆಗಳನ್ನು ನಡೆಸುತ್ತಿದೆ. ಅರಸು ಯೋಜನೆ ವಿಶೇಷ ವರ್ಗದವರಿಗಾಗಿ ಇದೆ: ವಿಕಲಚೇತನರು, ವಿಧವೆಯರು, ಮಾಜಿ ದೇವದಾಸಿಯರು, ಕುಷ್ಠರೋಗದಿಂದ ಗುಣವಾದವರು ಮುಂತಾದವರಿಗೆ. ಮಾಜಿ ದೇವದಾಸಿಯರು ನೆಲೆಸಿರುವ ಸವದತ್ತಿ, ರಾಮದುರ್ಗಗಳಿಗೆ ಈ ಯೋಜನೆ ಚಿರಪರಿಚಿತ. ಇಂಥದೊಂದು ಯೋಜನೆ ಇದೆ ಎಂಬುದೇ ಕರ್ನಾಟಕದ ಹೆಮ್ಮೆ. ಆದರೆ ಅದು ವಿಕಲಚೇತನರಿಗೆ ಮನೆಯನ್ನು ಕೊಡುತ್ತದೆ, ವಿಕಲಚೇತನರು ಬಳಸಬಲ್ಲ ಮನೆಯನ್ನು ಕೊಡುವುದಿಲ್ಲ. ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂಬ ನಾಲ್ಕು ಹಂತಗಳಲ್ಲಿ ಜಿಪಿಎಸ್ ಫೋಟೊ ತೆಗೆದು ಕಂತು ಬಿಡುಗಡೆಯಾಗುತ್ತದೆ. ಗೋಡೆ ಎದ್ದಿದೆಯೇ ಎಂದು ಫೋಟೊದಲ್ಲಿ ನೋಡಬಲ್ಲ ವ್ಯವಸ್ಥೆ, ಬಾಗಿಲು ಮೂರು ಅಡಿ ಇದೆಯೇ ಎಂದು ಕೇಳಲು ಒಂದು ಸಾಲು ಸೇರಿಸಿದರೆ ಸಾಕು.

ಇದೇ ಸರ್ಕಾರ ವಿಕಲಚೇತನರಿಗೆ ಗಾಲಿಕುರ್ಚಿ ಕೊಡುತ್ತದೆ, ಪಕ್ಕಗಾಲಿ ಜೋಡಿಸಿದ ಸ್ಕೂಟರ್ ಕೊಡುತ್ತದೆ, ಶೇ 75ಕ್ಕಿಂತ ಹೆಚ್ಚು ವೈಕಲ್ಯ ಇರುವವರಿಗೆ ತಿಂಗಳಿಗೆ 1,400 ರೂಪಾಯಿ ಮಾಸಾಶನ ಕೊಡುತ್ತದೆ. 2015ರ ಡಿಸೆಂಬರ್ 3ರಂದು ಆರಂಭವಾದ ಸುಗಮ್ಯ ಭಾರತ ಅಭಿಯಾನ ಕಚೇರಿ, ರೈಲು, ಬಸ್ಸು, ಜಾಲತಾಣಗಳನ್ನು ಗುರಿಯಾಗಿಸಿಕೊಂಡಿತು. ಯಲ್ಲಮ್ಮನ ಗುಡ್ಡದ ಅಭಿವೃದ್ಧಿಗೆ ಕೇಂದ್ರ 2024ರಲ್ಲಿ ಸುಮಾರು 100 ಕೋಟಿ ರೂಪಾಯಿ ಒಪ್ಪಿದೆ. ಆ ಕೆಲಸದಲ್ಲಿ ಗಾಲಿಕುರ್ಚಿಯ ಭಕ್ತರಿಗೆ ದಾರಿಯಾಗಲೇಬೇಕು. ಆದರೆ ಮನೆಯಿಂದಲೇ ಹೊರಡಲಾಗದವರಿಗೆ ಗುಡ್ಡದ ಇಳಿಜಾರು ಏನು ಮಾಡೀತು? 30 ಸಾವಿರ ರೂಪಾಯಿಯನ್ನು ಸ್ವಂತವಾಗಿ ಹೊಂದಿಸಬೇಕೆಂದರೆ ಮಾಸಾಶನವನ್ನು 21 ತಿಂಗಳಿಗೂ ಹೆಚ್ಚು ಕಾಲ ಒಂದು ರೂಪಾಯಿ ಮುಟ್ಟದೆ ಕೂಡಿಡಬೇಕು.

ಹೊರಗಿನ ಅನುಭವ

ಮನೆಯನ್ನು ಬದಲಿಸಲು ಸರ್ಕಾರ ಹಣ ಕೊಡುವುದು ಎಲ್ಲೂ ಇಲ್ಲದ ಬೇಡಿಕೆಯಲ್ಲ. ಇಂಗ್ಲೆಂಡಿನಲ್ಲಿ ಬಾಗಿಲು ಅಗಲಿಸಲು, ಇಳಿಜಾರು ಕಟ್ಟಲು, ನೆಲಮಹಡಿಯಲ್ಲಿ ಸ್ನಾನಗೃಹ ಮಾಡಲು ಅರ್ಹರಿಗೆ 30 ಸಾವಿರ ಪೌಂಡ್‌ವರೆಗೆ ಅನುದಾನ ಕೊಡುವುದು ಸ್ಥಳೀಯ ಸಂಸ್ಥೆಗಳ ಕಡ್ಡಾಯ ಕರ್ತವ್ಯ. ಜಪಾನಿನಲ್ಲಿ 2000ದಲ್ಲಿ ಜಾರಿಯಾದ ದೀರ್ಘಾವಧಿ ಆರೈಕೆ ವಿಮೆ ಹಿಡಿಕೆ ಸರಳು, ನೆಲದ ಏರುಪೇರು ತೆಗೆಯುವುದು, ಜಾರುಬಾಗಿಲು, ಕಮೋಡ್ ಬದಲಾವಣೆಗೆ 2 ಲಕ್ಷ ಯೆನ್‌ವರೆಗಿನ ಕೆಲಸಕ್ಕೆ ಬಹುಪಾಲು ಖರ್ಚು ಭರಿಸುತ್ತದೆ. ಅಮೆರಿಕದಲ್ಲಿ ಕೇಂದ್ರದ ಹಣದಿಂದ ಏಳುವ ಹೊಸ ಬಹುಮನೆ ವಸತಿಗಳಲ್ಲಿ ಕನಿಷ್ಠ ಶೇ 5 ಮನೆಗಳು ಚಲನವೈಕಲ್ಯ ಇರುವವರಿಗೆ ತಕ್ಕಂತೆ ಇರಬೇಕು. ಇವು ಸಿರಿವಂತ ದೇಶಗಳು, ಹೌದು. ಆದರೆ ಹಳ್ಳಿಯ ಒಂದಂತಸ್ತಿನ ಮನೆಗೆ ಲಿಫ್ಟ್ ಬೇಡ, ಯಂತ್ರ ಬೇಡ. ಬೇಕಾದದ್ದು ಮಣ್ಣು, ಇಟ್ಟಿಗೆ, ಸಿಮೆಂಟು ಮತ್ತು ಸರಿಯಾದ ಅಳತೆ. ಎರಡೂವರೆ ಅಡಿಯ ಬಾಗಿಲನ್ನು ಮೂರು ಅಡಿ ಮಾಡಿದರೆ ಗೋಡೆಗೆ ಇಟ್ಟಿಗೆ ಕಡಿಮೆಯೇ ಸಾಕು.

ಕರ್ನಾಟಕಕ್ಕೂ ತನ್ನದೇ ಅನುಭವವಿದೆ. ಪೋಲಿಯೊ ಪೀಡಿತರಾಗಿದ್ದ ಎನ್.ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಅಂಗವಿಕಲರ ಸಂಸ್ಥೆ ಎಪಿಡಿ ಆರು ದಶಕಗಳಿಂದ ಶಿಕ್ಷಣ, ತರಬೇತಿ, ಪುನರ್ವಸತಿಯಲ್ಲಿ ತೊಡಗಿದೆ. ಪೋಲಿಯೊದಿಂದ ಕೈಕಾಲು ಕಳೆದುಕೊಂಡ ಕೆ.ಎಸ್. ರಾಜಣ್ಣ ರಾಜ್ಯದ ಅಂಗವಿಕಲರ ಆಯುಕ್ತರಾಗಿ ಕೆಲಸ ಮಾಡಿ 2024ರಲ್ಲಿ ಪದ್ಮಶ್ರೀ ಪಡೆದರು. ಅವಕಾಶ ದೊರೆತಾಗ ಏನಾಗುತ್ತದೆ ಎಂಬುದಕ್ಕೆ ಈ ನಾಡಿನಲ್ಲಿ ಸಾಕ್ಷಿಗೆ ಕೊರತೆಯಿಲ್ಲ.

ಆಕ್ಷೇಪಗಳು

ಮನೆಯವರು ಎತ್ತಿಕೊಂಡು ಓಡಾಡಿಸುತ್ತಾರಲ್ಲ, ಖರ್ಚೇಕೆ ಎನ್ನುವವರಿದ್ದಾರೆ. ಎತ್ತುವವರು ಯಾರು ಎಂದು ನೋಡಿದರೆ ತಾಯಿ, ಹೆಂಡತಿ, ಅಕ್ಕತಂಗಿಯರು. ಮಗ ಬೆಳೆದು ಭಾರವಾಗುತ್ತಾನೆ, ತಾಯಿಯ ಸೊಂಟ ಬಗ್ಗುತ್ತದೆ. ಗಂಡಸರು ಕೆಲಸಕ್ಕೆಂದು ಗೋವಾ, ಪುಣೆ, ಹುಬ್ಬಳ್ಳಿಗೆ ಹೋದ ಮನೆಗಳಲ್ಲಿ ಅವರಿಗೆ ಕೈಜೋಡಿಸುವವರೇ ಇರುವುದಿಲ್ಲ. ಬೆಳೆದ ಹೆಣ್ಣುಮಗಳನ್ನು ಸ್ನಾನಕ್ಕೂ ಶೌಚಕ್ಕೂ ಇನ್ನೊಬ್ಬರು ಹೊತ್ತೊಯ್ಯುವುದರಲ್ಲಿ ಆಕೆಯ ಮಾನದ ಪ್ರಶ್ನೆಯಿದೆ.

ಊರಿಗೆ ಒಬ್ಬರೋ ಇಬ್ಬರೋ ಇರುವವರಿಗಾಗಿ ಯೋಜನೆ ಬದಲಿಸಬೇಕೇ ಎಂಬುದು ಇನ್ನೊಂದು ಮಾತು. ಸಂಖ್ಯೆ ಕಡಿಮೆಯೆಂದಾದರೆ ಖರ್ಚೂ ಕಡಿಮೆಯೇ. ಜೊತೆಗೆ, ಮೆಟ್ಟಿಲಿಲ್ಲದ ಬಾಗಿಲು ಮುಪ್ಪಿನವರಿಗೆ, ಬಸುರಿ ಬಾಣಂತಿಯರಿಗೆ, ಕಾಲು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವರಿಗೆ, ಜೋಳದ ಚೀಲ ಉರುಳಿಸುವವರಿಗೆ ಎಲ್ಲರಿಗೂ ಒದಗುತ್ತದೆ.

ಆಗಬೇಕಾದದ್ದು

ಮೊದಲನೆಯದು, ದೇವರಾಜ ಅರಸು, ಬಸವ ವಸತಿ, ಆವಾಸ್ ಸೇರಿದಂತೆ ಎಲ್ಲ ಯೋಜನೆಗಳಲ್ಲಿ ಚಲನವೈಕಲ್ಯ ಇರುವವರ ಮನೆಗೆ ಶೇ 25ರಷ್ಟು ಹೆಚ್ಚುವರಿ ನೆರವನ್ನು ಆದೇಶದ ಮೂಲಕ ಖಚಿತಪಡಿಸಬೇಕು. ಕೇಂದ್ರ ತಡಮಾಡಿದರೆ ರಾಜ್ಯವೇ ತನ್ನ ಪಾಲಿನಿಂದ ತುಂಬಬೇಕು. ಎರಡನೆಯದು, ಈಗಾಗಲೇ ಇರುವ ಮನೆಗಳ ಮಾರ್ಪಾಡಿಗೆ ಪ್ರತ್ಯೇಕ ಅನುದಾನ ಬೇಕು, ಏಕೆಂದರೆ ಎಲ್ಲರಿಗೂ ಹೊಸ ಮನೆ ಬೇಕಿಲ್ಲ, ಇರುವ ಮನೆಯ ಬಚ್ಚಲು ಸರಿಯಾದರೆ ಎಷ್ಟೋ ಜನಕ್ಕೆ ಸಾಕು. ಸ್ಥಳೀಯ ಸಂಸ್ಥೆಗಳು ವಿಕಲಚೇತನರಿಗಾಗಿ ತೆಗೆದಿಡಬೇಕಾದ ಶೇ 5ರ ನಿಧಿಯನ್ನು ಈ ಕೆಲಸಕ್ಕೆ ಜೋಡಿಸಬಹುದು. ಮೂರನೆಯದು, ನೆರೆ ಪರಿಹಾರದ ಲೆಕ್ಕದಲ್ಲಿ ವೈಕಲ್ಯದ ಕಾಲಂ ಕಡ್ಡಾಯವಾಗಬೇಕು. ಮಲಪ್ರಭಾ ಮತ್ತೆ ಉಕ್ಕುತ್ತದೆ. ಆಗ ಕಟ್ಟುವ ಮನೆಗೆ ಈಗಲೇ ನಕ್ಷೆ ಸಿದ್ಧವಿರಬೇಕು.

ಪಟ್ಟಿ ಮಾಡಲು ಹೊಸ ಸಮೀಕ್ಷೆಯೂ ಬೇಕಾಗಿಲ್ಲ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ದಾಖಲೆಯಲ್ಲಿ ವೈಕಲ್ಯದ ಬಗೆ ಮತ್ತು ವಿಳಾಸ ಎರಡೂ ಇವೆ. ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರಲ್ಲಿ ಬಹಳಷ್ಟು ಜನ ಸ್ವತಃ ವಿಕಲಚೇತನರು, ಯಾರ ಮನೆಯಲ್ಲಿ ಎಷ್ಟು ಮೆಟ್ಟಿಲಿವೆ ಎಂಬುದನ್ನು ಬಲ್ಲವರು. ಅವರ ಕೈಗೆ ಅಳತೆಯ ಟೇಪು, ಪಂಚಾಯಿತಿಯ ಎಂಜಿನಿಯರ್ ಜೊತೆಗೆ ಸಹಿ ಮಾಡುವ ಅಧಿಕಾರ ಕೊಟ್ಟರೆ ಕೆಲಸ ಶುರುವಾಗುತ್ತದೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ ಯಲ್ಲಮ್ಮ, ರಾಮದುರ್ಗ ನಾಲ್ಕೂ ಪ್ರತ್ಯೇಕ ವಿಧಾನಸಭಾ ಕ್ಷೇತ್ರಗಳು. ಚಳಿಗಾಲದ ಅಧಿವೇಶನ ನಡೆಯುವ ಬೆಳಗಾವಿಯ ಸುವರ್ಣ ವಿಧಾನಸೌಧ ಇದೇ ಜಿಲ್ಲೆಯಲ್ಲಿದೆ. ನಾಲ್ವರು ಶಾಸಕರು ಪಕ್ಷ ಬದಿಗಿಟ್ಟು ಒಟ್ಟಾಗಿ ಎದ್ದು ನಿಂತು, ಈ ನಾಲ್ಕು ತಾಲ್ಲೂಕುಗಳಲ್ಲಿ ಮೊದಲು ಜಾರಿ ಮಾಡಿ ಎಂದು ಕೇಳಿದರೆ ಸರ್ಕಾರ ಇಲ್ಲವೆನ್ನುವುದು ಸುಲಭವಲ್ಲ. ಅವರು ಕೇಳುವಂತೆ ಮಾಡುವುದು ಮತದಾರರ ಕೆಲಸ. ಮುಂದಿನ ಗ್ರಾಮಸಭೆಯಲ್ಲಿ ವಸತಿ ಫಲಾನುಭವಿಗಳ ಪಟ್ಟಿ ಓದುವಾಗ ಓದುಗರು ಎದ್ದು ಮೂರು ಪ್ರಶ್ನೆ ಕೇಳಲಿ: ಇದರಲ್ಲಿ ವಿಕಲಚೇತನರ ಶೇ 5 ಎಲ್ಲಿದೆ, ಅವರಿಗೆ ಹೆಚ್ಚುವರಿ ಶೇ 25 ಎಂದಿನಿಂದ ಕೊಡುತ್ತೀರಿ, ಅವರ ಮನೆಯ ನಕ್ಷೆಯಲ್ಲಿ ಇಳಿಜಾರು ಇದೆಯೇ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಕೆಳಗೆ ಕುಳಿತುಕೊಳ್ಳಲಿ.